ಭೂಮಿಯ ಒಡಲು ಪೊಳ್ಳೆ?

ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತುವ ಕೊಕ್ಕೆಗಳ ಗೊಂಚಲಿಗೆ ನಮ್ಮ ಜನ ಪಾತಾಳಗರಡಿ ಎಂದು ಹೆಸರಿಟ್ಟಿದ್ದಾರೆ. ಬಾವಿಯ ಆಳ ನಾಲ್ಕಾಳೋ ಆರಾಳೋ ಇದ್ದೀತು. ಹೆಸರು ಮಾತ್ರ ಪಾತಾಳದ್ದು. ಕಾಲ ಕೆಳಗಿನ ಕತ್ತಲೆಯ ವಿಷಯದಲ್ಲಿ ಮನುಷ್ಯನ ಕಲ್ಪನೆ ಎಂದೂ ಅವನ ಹಗ್ಗಕ್ಕಿಂತ ಉದ್ದವಾಗಿಯೇ ಇದ್ದಿತು. ಆಕಾಶವನ್ನಾದರೆ ಕತ್ತೆತ್ತಿ ನೋಡಬಹುದು. ಲಕ್ಷಾಂತರ ಕೋಟಿ ಮೈಲಿ ದೂರದ ನಕ್ಷತ್ರವೂ ಕಣ್ಣಿಗೆ ಬೀಳುತ್ತದೆ. ಆದರೆ ನಾವು ಚಾಪೆ ಹಾಸಿ ಮಲಗುವ ನೆಲದ ಹತ್ತು ಮಾರು ಕೆಳಗೆ ಏನಿದೆಯೆಂಬುದು ಅಗೆಯದೆ ತಿಳಿಯದು. ಅಲ್ಲಿರುವುದು ಬರಿಯ ಟೊಳ್ಳು, ಆ ಟೊಳ್ಳಿನೊಳಗೆ ಇನ್ನೊಂದು ಲೋಕವೇ ಇದೆ ಎಂದು ನಂಬಿದವರು ಮುನ್ನೂರು ವರ್ಷಗಳಿಂದ ಇದ್ದಾರೆ, ಇಂದಿಗೂ ಇದ್ದಾರೆ. ಅವರ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ಕೇಳುಗರು ಕೇಳಬಹುದು. ಅದಕ್ಕೆ ಕಾರಣವುಂಟು. ನಾನಿನ್ನೂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಿಂದ ತಂದಿದ್ದ ಒಂದು ಇಂಗ್ಲಿಷ್ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟ. ಅದರಲ್ಲೊಂದು ಛಾಯಾಚಿತ್ರ: ಉಪಗ್ರಹದಿಂದ ಕಂಡ ಭೂಗೋಳ, ಉತ್ತರಧ್ರುವದ ಜಾಗದಲ್ಲಿ ಒಂದು ದುಂಡನೆಯ ಕರಿಯ ತೂತು. “ಸಾರ್, ಭೂಮಿ ಒಳಗೆ ಪೊಳ್ಳಂತೆ, ಇದೇ ಬಾಗಿಲಂತೆ. ನಿಜವೆ?” ಎಂದ. ನಾನು ನಕ್ಕು, “ಭೂಮಿಯ ಚಿಂತೆ ಬಿಡಪ್ಪ, ನಿನ್ನ ತಲೆ ಪೊಳ್ಳಾಗದ ಹಾಗೆ ನೋಡಿಕೋ” ಎಂದೆ. ತರಗತಿಯೆಲ್ಲ ನಕ್ಕಿತು. ಅವನು ನಗಲಿಲ್ಲ. “ಪೊಳ್ಳಲ್ಲ ಅನ್ನುವುದು ತಮಗೆ ಹೇಗೆ ಗೊತ್ತು ಸಾರ್?” ಎಂದು ಕೇಳಿದ. ಮಾತಿನಲ್ಲಿ ಉದ್ಧಟತನವಿರಲಿಲ್ಲ; ತಿಳಿಯುವ ಆಸೆಯಿತ್ತು. ವಿಜ್ಞಾನಿಗಳು ಹೇಳಿದ್ದಾರಲ್ಲ ಎಂದೆ. ಈ ಪುಸ್ತಕ ಬರೆದವರೂ ತಾವು ವಿಜ್ಞಾನಿಗಳೆಂದೇ ಹೇಳಿಕೊಂಡಿದ್ದಾರೆ ಎಂದ. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ಉಳಿದುಕೊಂಡೆ. ನನ್ನ ನಂಬಿಕೆ ಸರಿಯಾಗಿತ್ತು, ಅವನದು ತಪ್ಪಾಗಿತ್ತು. ಆದರೆ ನನ್ನದು ಏಕೆ ಸರಿ ಎಂಬುದು ನನಗೆ ಅವನಿಗಿಂತ ಹೆಚ್ಚೇನೂ ತಿಳಿದಿರಲಿಲ್ಲ. ಆ ಪ್ರಶ್ನೆಯ ಸಾಲ ಬಹುಕಾಲ ತಲೆಯ ಮೇಲೆ ಕುಳಿತಿತ್ತು.

ಪಾತಾಳವೆಂದೊಡನೆ, ಇದನ್ನು ನಮ್ಮ ಪುರಾಣಗಳು ಎಂದೋ ಹೇಳಿಬಿಟ್ಟಿವೆಯಲ್ಲ ಎನ್ನುವವರಿದ್ದಾರೆ. ಅತಲ, ವಿತಲ, ಸುತಲ, ತಲಾತಲ, ಮಹಾತಲ, ರಸಾತಲ, ಪಾತಾಳ ಎಂಬ ಏಳು ಲೋಕಗಳು ನೆಲದ ಕೆಳಗಿರುವುದಾಗಿ ಭಾಗವತದ ಪಂಚಮ ಸ್ಕಂಧ ವರ್ಣಿಸುತ್ತದೆ. ಅವಕ್ಕೆ ಬಿಲಸ್ವರ್ಗ ಎಂಬ ಸೊಗಸಾದ ಹೆಸರನ್ನೂ ಕೊಡುತ್ತದೆ. ಸೂರ್ಯನಿಲ್ಲದ ಆ ಲೋಕದಲ್ಲಿ ಹಗಲಿರುಳುಗಳ ಭಯವಿಲ್ಲ. ಸರ್ಪಗಳ ಹೆಡೆಯ ಮಣಿಗಳೇ ಬೆಳಕು. ವಿಷ್ಣುಪುರಾಣದ ನಾರದರಂತೂ ಪಾತಾಳವನ್ನು ಸುತ್ತಿ ಬಂದು, ಅದು ಸ್ವರ್ಗಕ್ಕಿಂತ ರಮಣೀಯವೆಂದು ದೇವತೆಗಳ ಮುಂದೆಯೇ ಹೇಳಿಬಿಟ್ಟರು. ಇದು ಕಾವ್ಯ, ದೊಡ್ಡ ಕಾವ್ಯ. ಬಲಿಯನ್ನು ಸುತಲಕ್ಕೆ ಕಳುಹಿಸಿ ಅವನ ಬಾಗಿಲನ್ನು ಭಗವಂತನೇ ಕಾಯುವಂತೆ ಮಾಡಿದ ಪುರಾಣಕಾರ ಭೂಗರ್ಭಶಾಸ್ತ್ರವನ್ನು ಬರೆಯಲು ಕುಳಿತವನಲ್ಲ. ಅವನ ಮಾತನ್ನು ಎಳೆತಂದು ಧ್ರುವದ ತೂತಿಗೆ ಸಾಕ್ಷಿ ನಿಲ್ಲಿಸುವವರು ಪುರಾಣಕ್ಕೂ ವಿಜ್ಞಾನಕ್ಕೂ ಒಟ್ಟಿಗೇ ಅನ್ಯಾಯ ಮಾಡುತ್ತಾರೆ ಎಂದು ನನ್ನ ಅಭಿಪ್ರಾಯ. ಪೊಳ್ಳು ಭೂಮಿ ಒಂದು ವಾದವಾಗಿ ಹುಟ್ಟಿದ್ದು ಬೇರೆ ಕಡೆ, ಬೇರೆ ಕಾರಣಕ್ಕಾಗಿ.

ಅದು ಹುಟ್ಟಿದ್ದು ಲಂಡನ್ನಿನಲ್ಲಿ, ಹುಟ್ಟಿಸಿದವನು ಎಡ್ಮಂಡ್ ಹ್ಯಾಲಿ. ಹೌದು, ಧೂಮಕೇತುವಿನ ಹ್ಯಾಲಿಯೇ. ಹುಚ್ಚರ ಕಥೆಯೆಂದು ನಾನು ಓದಲು ತೊಡಗಿದ್ದು ಇಂಥವನಿಂದ ಆರಂಭವಾಗುತ್ತದೆಂದು ತಿಳಿದಾಗ ನನ್ನ ನಗು ಅರ್ಧ ಅಡಗಿತು. ಹ್ಯಾಲಿಯನ್ನು ಕಾಡಿದ್ದು ಪಾತಾಳವಲ್ಲ, ಹಡಗಿನವರ ದಿಕ್ಸೂಚಿ. ಆ ಸೂಜಿ ನೆಟ್ಟಗೆ ಉತ್ತರವನ್ನು ತೋರಿಸುವುದಿಲ್ಲ, ತುಸು ಓರೆಯಾಗಿರುತ್ತದೆ. ಓರೆಯೆಷ್ಟೆಂದು ಒಮ್ಮೆ ಅಳೆದಿಟ್ಟುಕೊಂಡರೆ ತೊಂದರೆಯಿಲ್ಲ. ತೊಂದರೆಯೆಂದರೆ ಆ ಓರೆ ಒಂದೇ ಸಮನಾಗಿ ನಿಲ್ಲುವುದಿಲ್ಲ. ಲಂಡನ್ನಿನಲ್ಲಿ ೧೫೮೦ರಲ್ಲಿ ಸೂಜಿ ಸುಮಾರು ೧೧ ಡಿಗ್ರಿ ಪೂರ್ವಕ್ಕೆ ಬಾಗಿತ್ತು. ೧೬೫೭ರ ಹೊತ್ತಿಗೆ ನೇರ ಉತ್ತರಕ್ಕೆ ಬಂತು. ೧೬೯೨ರಲ್ಲಿ ೬ ಡಿಗ್ರಿ ಪಶ್ಚಿಮಕ್ಕೆ ಸರಿದಿತ್ತು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂದು ಆಗಲೇ ತಿಳಿದಿತ್ತು. ಗಟ್ಟಿಯಾದ ಕಲ್ಲಿನೊಳಗಿನ ಅಯಸ್ಕಾಂತ ಹೀಗೆ ನಡೆದಾಡುವುದೆಂತು?

ಹ್ಯಾಲಿಯ ಉತ್ತರ ಇದು: ಭೂಮಿ ಒಂದೇ ಗೋಳವಲ್ಲ. ನಾವಿರುವುದು ೫೦೦ ಮೈಲಿ ದಪ್ಪದ ಹೊರಚಿಪ್ಪು. ಅದರೊಳಗೆ ಬಯಲು; ಬಯಲಿನೊಳಗೆ ಇನ್ನೊಂದು ಗೋಳ, ಅದರೊಳಗೆ ಮತ್ತೊಂದು. ಹೊರಚಿಪ್ಪಿಗೂ ಒಳಗೋಳಕ್ಕೂ ಬೇರೆ ಬೇರೆ ಅಯಸ್ಕಾಂತ ಧ್ರುವಗಳಿವೆ. ಎರಡೂ ತಿರುಗುತ್ತಿದ್ದರೂ ಒಳಗಿನದು ಕೂದಲೆಳೆಯಷ್ಟು ನಿಧಾನ. ಆದುದರಿಂದ ಅದರ ಧ್ರುವಗಳು ವರ್ಷ ವರ್ಷಕ್ಕೆ ಹಿಂದೆ ಬೀಳುತ್ತವೆ, ಮೇಲಿರುವ ನಮ್ಮ ಸೂಜಿ ಅವುಗಳ ಜೊತೆಗೆ ಪಶ್ಚಿಮಕ್ಕೆ ಸರಿಯುತ್ತದೆ. ಒಳಗೆ ಅಷ್ಟು ಬಯಲಿರಲು ಸಾಧ್ಯವೆ ಎಂದರೆ ಅದಕ್ಕೂ ಅವನ ಬಳಿ ಲೆಕ್ಕವಿತ್ತು. ನ್ಯೂಟನ್ನನ ಪ್ರಿನ್ಸಿಪಿಯಾದ ಮೊದಲ ಮುದ್ರಣದಲ್ಲಿ ಚಂದ್ರನ ಸಾಂದ್ರತೆಗೂ ಭೂಮಿಯ ಸಾಂದ್ರತೆಗೂ ಇರುವ ಪ್ರಮಾಣ ೯ಕ್ಕೆ ೫ ಎಂದಿತ್ತು. ಎರಡೂ ಒಂದೇ ಬಗೆಯ ಮಣ್ಣುಕಲ್ಲಾಗಿದ್ದರೆ ಭೂಮಿಯ ೯ರಲ್ಲಿ ೪ ಪಾಲು ಬರಿದಾಗಿರಬೇಕಲ್ಲವೆ ಎಂದು ಹ್ಯಾಲಿ ಕೇಳಿದ.

ಸಮುದ್ರದ ನೀರು ಚಿಪ್ಪಿನ ಬಿರುಕುಗಳಲ್ಲಿ ಇಳಿದುಹೋಗದೆ? ಒಳಗೋಳ ಒಂದು ಕಡೆಗೆ ಸರಿದು ಚಿಪ್ಪಿಗೆ ತಾಗದೆ? ಬೆಳಕಿಲ್ಲದ ಲೋಕದಿಂದ ಯಾರಿಗೆ ಪ್ರಯೋಜನ? ಈ ಆಕ್ಷೇಪಗಳನ್ನು ಎತ್ತಿದವರು ಎದುರಾಳಿಗಳಲ್ಲ, ಹ್ಯಾಲಿಯೇ. ಒಂದೊಂದಕ್ಕೂ ಸಮಾಧಾನ ಹೇಳಿದ. ಶನಿಗ್ರಹದ ಬಳೆ ಗ್ರಹವನ್ನು ಮುಟ್ಟದೆ ಸುತ್ತ ನಿಂತಿಲ್ಲವೆ ಎಂದ. ಬೆಳಕಿನ ಪ್ರಶ್ನೆ ಬಂದಾಗ ಮಾತ್ರ ಗಣಿತಜ್ಞನಿಗೆ ಕವಿಗಳ ನೆರವು ಬೇಕಾಯಿತು. ಅಧೋಲೋಕಕ್ಕೂ ಬೆಳಕಿದೆಯೆಂದು ಹಾಡಿದ ವರ್ಜಿಲ್, ಕ್ಲಾಡಿಯನ್ನರನ್ನು ಕರೆತಂದ. ಹೆಡೆಮಣಿಯ ಬೆಳಕಿನವರೆಗೆ ಅವನು ಬರಲಿಲ್ಲ, ಅಷ್ಟೆ. ೧೭೧೬ರಲ್ಲಿ ಯೂರೋಪಿನ ಆಕಾಶದಲ್ಲಿ ಧ್ರುವಪ್ರಭೆ ಅದ್ಭುತವಾಗಿ ಕಾಣಿಸಿಕೊಂಡಾಗ, ಧ್ರುವಗಳ ಬಳಿ ಚಿಪ್ಪು ತೆಳುವಾಗಿರುವುದರಿಂದ ಒಳಗಿನ ಬೆಳಗುವ ಆವಿಯೇ ಅಲ್ಲಿಂದ ಹೊರಕ್ಕೆ ಸೋರಿರಬಹುದೆಂದು ಊಹಿಸಿದ.

ಇದೆಲ್ಲ ತಪ್ಪು. ಚಂದ್ರನ ಲೆಕ್ಕ ಬುಡದಲ್ಲಿಯೇ ತಪ್ಪಿತ್ತು. ಚಂದ್ರ ಭೂಮಿಗಿಂತ ಹಗುರವಾದ ವಸ್ತುವಿನದು, ನ್ಯೂಟನ್ ಉಬ್ಬರವಿಳಿತಗಳಿಂದ ಅದನ್ನು ತೂಗಲು ಹೋಗಿ ಎಡವಿದ್ದ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಹ್ಯಾಲಿಯ ಮನೆಯನ್ನು ಉರುಳಿಸುವ ಸೂತ್ರವೂ ಅದೇ ಪ್ರಿನ್ಸಿಪಿಯಾದಲ್ಲಿ ಇತ್ತು. ಎಲ್ಲೆಡೆ ಸಮದಪ್ಪದ ಪೊಳ್ಳು ಗೋಳದೊಳಗೆ ಇಟ್ಟ ವಸ್ತುವನ್ನು ಚಿಪ್ಪು ಯಾವ ಕಡೆಗೂ ಎಳೆಯುವುದಿಲ್ಲ, ಎಲ್ಲ ಕಡೆಯ ಸೆಳೆತವೂ ಒಂದನ್ನೊಂದು ಕಳೆದುಬಿಡುತ್ತದೆ ಎಂದು ನ್ಯೂಟನ್ ಸಾಧಿಸಿದ್ದ. ಅಂದಮೇಲೆ ಒಳಗೋಳವನ್ನು ನಡುವೆ ಹಿಡಿದು ನಿಲ್ಲಿಸುವ ಬಲವೇ ಇಲ್ಲ. ಚಿಪ್ಪಿನ ಒಳಮೈಗೆ ಯಾರ ಕಾಲೂ ಅಂಟುವಂತಿಲ್ಲ. ಈ ಪುಸ್ತಕವನ್ನು ಅಚ್ಚು ಹಾಕಿಸಿದವನು ಯಾರು? ಹ್ಯಾಲಿಯೇ, ತನ್ನ ಕೈಯಿಂದ ಹಣ ಹಾಕಿ. ರಾಯಲ್ ಸೊಸೈಟಿಯವರು ತಮ್ಮ ದುಡ್ಡನ್ನೆಲ್ಲ ಮೀನುಗಳ ಮೇಲಿನ ಒಂದು ಭಾರಿ ಗ್ರಂಥಕ್ಕೆ ಸುರಿದು ಕೈ ಬರಿದು ಮಾಡಿಕೊಂಡಿದ್ದರು. ಮಾರಾಟವಾಗದೆ ಉಳಿದ ಮೀನಿನ ಪುಸ್ತಕಗಳನ್ನೇ ಹ್ಯಾಲಿಗೆ ಸಂಬಳದ ಬದಲು ಕೊಟ್ಟರು. ಪುಸ್ತಕ ಪ್ರಕಟಣೆಯ ಕಷ್ಟವನ್ನು ಬಲ್ಲ ನಮ್ಮ ಲೇಖಕರಿಗೆ ಈ ಕಥೆ ಸಮಾಧಾನ ತಂದೀತು.

ಹ್ಯಾಲಿಯ ತಪ್ಪು ಒಬ್ಬ ದೊಡ್ಡವನ ತಪ್ಪು. ವಿವರಿಸಬೇಕಾದ ಒಂದು ನಿಜವಾದ ಸಂಗತಿ ಅವನೆದುರಿಗಿತ್ತು, ಅಳತೆಯ ಅಂಕಿಗಳಿದ್ದವು. ಮುಂದೆ ಒಂದು ಹಡಗನ್ನೇರಿ ೧೬೯೮ರಿಂದ ೧೭೦೦ರವರೆಗೆ ಅಟ್ಲಾಂಟಿಕ್ ಸಾಗರವನ್ನು ಸುತ್ತಿ ಸೂಜಿಯ ಓರೆಯನ್ನು ಊರೂರಿಗೆ ಅಳೆದುಬಂದ. ನನಗೆ ಅವನಷ್ಟೇ ಆಸಕ್ತಿ ಹುಟ್ಟಿಸಿದವನು ಇನ್ನೊಬ್ಬ. ಅಳತೆ ಒಂದೂ ಇಲ್ಲದೆ ಬರಿಯ ಎದೆಗಾರಿಕೆಯಿಂದ ಈ ನಂಬಿಕೆಗೆ ಪ್ರಾಣ ಕೊಟ್ಟವನು.

೧೮೧೮ರ ಏಪ್ರಿಲ್ ೧೦ರಂದು ಅಮೆರಿಕದ ಸೇಂಟ್ ಲೂಯಿ ಪಟ್ಟಣದಿಂದ ಜಾನ್ ಕ್ಲೀವ್ಸ್ ಸಿಮ್ಸ್ ಎಂಬ ಮಾಜಿ ಸೇನಾ ಕ್ಯಾಪ್ಟನ್ ಇಡೀ ಜಗತ್ತಿಗೇ ಸಂಬೋಧಿಸಿ ಒಂದು ಕರಪತ್ರ ಹೊರಡಿಸಿದ. ಭೂಮಿ ಪೊಳ್ಳು, ಒಳಗೆ ವಾಸಕ್ಕೆ ಯೋಗ್ಯ, ಎರಡು ಧ್ರುವಗಳಲ್ಲಿಯೂ ತೆರೆದಿದೆ. ಇದಕ್ಕಾಗಿ ಪ್ರಾಣವನ್ನು ಪಣವಿಡುತ್ತೇನೆ, ನೂರು ಜನ ಧೀರ ಸಂಗಡಿಗರು ದೊರೆತರೆ ಸೈಬೀರಿಯದಿಂದ ಹಿಮಸಾರಂಗ ಕಟ್ಟಿದ ಬಂಡಿಗಳಲ್ಲಿ ಹೊರಟು ಒಳಹೊಕ್ಕು ನೋಡುತ್ತೇನೆ ಎಂಬುದು ಅದರ ಸಾರಾಂಶ. ತನಗೆ ಬುದ್ಧಿ ಸ್ವಸ್ಥವಾಗಿದೆಯೆಂಬ ಪ್ರಮಾಣಪತ್ರವೊಂದನ್ನು ಅದಕ್ಕೆ ಲಗತ್ತಿಸಿದ್ದ. ಲೋಕ ಏನನ್ನುತ್ತದೆಂಬುದು ಅವನಿಗೆ ಮೊದಲೇ ತಿಳಿದಿತ್ತೆಂದಾಯಿತು.

ಉತ್ತರದ ಬಾಗಿಲು ೪,೦೦೦ ಮೈಲಿ ಅಗಲ, ದಕ್ಷಿಣದ್ದು ೬,೦೦೦ ಮೈಲಿ ಎಂದು ಅವನ ಲೆಕ್ಕ. ಅಂಚು ಎಷ್ಟು ನಿಧಾನವಾಗಿ ಬಾಗಿದೆಯೆಂದರೆ ಒಳಗಿಳಿಯುವವನಿಗೆ ತಾನು ಇಳಿಯುತ್ತಿರುವುದೇ ತಿಳಿಯದು. ಕಾರಣವೇನೆಂದು ಕೇಳಿದರೆ, ಪ್ರಕೃತಿಯಲ್ಲಿ ಎಲ್ಲವೂ ಟೊಳ್ಳಲ್ಲವೆ ಎನ್ನುತ್ತಿದ್ದ: ಮೂಳೆ ಟೊಳ್ಳು, ಹುಲ್ಲಿನ ಕಡ್ಡಿ ಟೊಳ್ಳು, ಹಕ್ಕಿಯ ಗರಿಯ ಬುಡ ಟೊಳ್ಳು. ಚತುರನಾದ ಸೃಷ್ಟಿಕರ್ತ ಇಷ್ಟು ದೊಡ್ಡ ಗೋಳವನ್ನು ಗಟ್ಟಿಯಾಗಿ ತುಂಬಿ ಸಾಮಗ್ರಿ ಹಾಳುಮಾಡುವನೆ? ಇದು ಉಪಮೆ; ಸಾಹಿತ್ಯದ ತರಗತಿಯಲ್ಲಿ ನಾನಾದರೆ ಇದಕ್ಕೆ ಒಳ್ಳೆಯ ಅಂಕವನ್ನೇ ಕೊಡುತ್ತಿದ್ದೆ. ಉಪಮೆಯನ್ನು ಪ್ರಮಾಣವೆಂದು ಹಿಡಿದಲ್ಲಿಯೇ ಅವನು ಜಾರಿದ್ದು. ನಾವು ವೇದಿಕೆಗಳ ಮೇಲೆ ಪ್ರತಿದಿನ ಜಾರುವುದೂ ಅಲ್ಲಿಯೇ ಎಂಬುದನ್ನು ಮರೆಯಬಾರದು.

ಸಿಮ್ಸ್ ಒಳ್ಳೆಯ ಭಾಷಣಕಾರನಲ್ಲ, ತಡವರಿಸುತ್ತಿದ್ದ. ಆದರೂ ಮರದ ಗೋಳವೊಂದನ್ನು ಹಿಡಿದು ಊರೂರು ಅಲೆದ. ಜನ ನಗಲು ಬಂದು, ಅವನ ಪ್ರಾಮಾಣಿಕತೆಯನ್ನು ಕಂಡು ಸುಮ್ಮನೆ ಕುಳಿತರು. ೧೮೨೨ರಲ್ಲಿ ಅವನ ಅರ್ಜಿ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಹೋಯಿತು. ಅದನ್ನು ಮಂಡಿಸಿದ ರಿಚರ್ಡ್ ಜಾನ್ಸನ್ ಮುಂದೆ ಆ ದೇಶದ ಉಪಾಧ್ಯಕ್ಷನಾದ. ಅರ್ಜಿ ಮೂಲೆ ಸೇರಿತು. ಅಲೆದಾಟದಿಂದ ಆರೋಗ್ಯ ಕೆಟ್ಟು ೧೮೨೯ರಲ್ಲಿ ಸಿಮ್ಸ್ ತೀರಿಕೊಂಡ. ಒಹಾಯೊ ಪ್ರಾಂತದ ಹ್ಯಾಮಿಲ್ಟನ್ ಊರಿನಲ್ಲಿ ಅವನ ಸಮಾಧಿಯ ಕಂಬದ ತುದಿಗೆ ಮಗ ಅಮೆರಿಕಸ್ ಒಂದು ಕಲ್ಲಿನ ಗೋಳವನ್ನಿರಿಸಿದ್ದಾನೆ. ಆ ಗೋಳಕ್ಕೂ ಮೇಲಿಂದ ಕೆಳಕ್ಕೆ ತೂತಿದೆ.

ಸಿಮ್ಸನ ಜೊತೆ ಕೆಲವು ಕಾಲ ತಿರುಗಿದ ಜೆರಿಮಾಯ ರೆನಾಲ್ಡ್ಸ್ ಎಂಬ ಜಾಣ ಮಾತುಗಾರ ಬೇಗನೆ ಗುರುವನ್ನು ಬಿಟ್ಟ. ಪೊಳ್ಳು ಭೂಮಿಯನ್ನೂ ಬಿಟ್ಟ. ದಕ್ಷಿಣಧ್ರುವದ ಕಡೆಗೆ ಹಡಗು ಕಳುಹಿಸಬೇಕೆಂಬ ಹಂಬಲವನ್ನು ಮಾತ್ರ ಬಿಡಲಿಲ್ಲ. ಅವನ ಒತ್ತಾಯದ ಫಲವಾಗಿ ಸರ್ಕಾರ ಹೊರಡಿಸಿದ ಆರು ಹಡಗುಗಳು ಚಾರ್ಲ್ಸ್ ವಿಲ್ಕ್ಸನ ನಾಯಕತ್ವದಲ್ಲಿ ೧೮೩೮ರಿಂದ ೧೮೪೨ರವರೆಗೆ ಸಂಚರಿಸಿ, ಅಂಟಾರ್ಕ್ಟಿಕದ ಕರಾವಳಿಯನ್ನು ಸುಮಾರು ೧,೫೦೦ ಮೈಲಿ ಗುರುತಿಸಿ, ಅದೊಂದು ಖಂಡವೆಂದು ಸಾರಿದವು. ತೂತನ್ನು ಹುಡುಕುವ ಆಸೆಯಿಂದ ಮೊಳೆತ ಯಾತ್ರೆಗೆ ತೂತಿರಬೇಕಾದ ಕಡೆ ನೆಲ ಸಿಕ್ಕಿತು. ಅವು ತಂದ ಸಂಗ್ರಹ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಅಡಿಪಾಯವಾಯಿತು. ರೆನಾಲ್ಡ್ಸನನ್ನು ಮಾತ್ರ ಹಡಗು ಹತ್ತಿಸಲಿಲ್ಲ. ಅವನು ಬರೆದ ಬಿಳಿಯ ತಿಮಿಂಗಿಲದ ವೃತ್ತಾಂತ ಮುಂದೆ ಮೆಲ್ವಿಲನ ಮೋಬಿ ಡಿಕ್‌ಗೆ ಒಂದು ಸೆಲೆಯಾಯಿತು. ಅವನ ಧ್ರುವದ ಮಾತುಗಳನ್ನು ಎಡ್ಗರ್ ಆಲನ್ ಪೋ ತನ್ನ ೧೮೩೮ರ ಕಾದಂಬರಿ ಆರ್ಥರ್ ಗಾರ್ಡನ್ ಪಿಮ್‌ನಲ್ಲಿ ಬಳಸಿಕೊಂಡ.

ಸಾಹಿತ್ಯದಲ್ಲಿ ಪೊಳ್ಳು ಭೂಮಿಗೆ ಎಂದೂ ಬಾಡಿಗೆದಾರರಿಗೆ ಕೊರತೆಯಿರಲಿಲ್ಲ. ೧೭೪೧ರಲ್ಲಿಯೇ ಹೋಲ್ಬರ್ಗ್ ಲ್ಯಾಟಿನ್ನಿನಲ್ಲಿ ಬರೆದ ವಿಡಂಬನೆಯ ನಾಯಕ ಒಂದು ಗುಹೆಯಲ್ಲಿ ಬಿದ್ದು ಒಳಲೋಕ ಸೇರುತ್ತಾನೆ. ೧೮೬೪ರ ಜೂಲ್ಸ್ ವರ್ನನ ಕಾದಂಬರಿ ಎಲ್ಲರಿಗೂ ಗೊತ್ತು. ೧೮೭೧ರಲ್ಲಿ ಬುಲ್ವರ್ ಲಿಟನ್ ನೆಲದಡಿಯ ಜನಕ್ಕೆ ವ್ರಿಲ್ ಎಂಬ ಮಹಾಶಕ್ತಿಯನ್ನು ದಯಪಾಲಿಸಿದ; ಆ ಹೆಸರಿನ ಬಾಲವನ್ನು ಹಿಡಿದು ಒಂದು ಮಾಂಸದ ಸಾರಿಗೆ ಬೋವ್ರಿಲ್ ಎಂದು ಹೆಸರಿಟ್ಟರು. ಕಲ್ಪನೆಯ ಗತಿ ಕೊನೆಗೆ ಅಡುಗೆಮನೆ.

ಎಲ್ಲರೂ ಕಥೆಯನ್ನು ಕಥೆಯೆಂದು ಬಿಡಲಿಲ್ಲ. ಸೈರಸ್ ಟೀಡ್ ಎಂಬ ವೈದ್ಯನಿಗೆ ೧೮೬೯ರಲ್ಲಿ ಒಂದು ದರ್ಶನವಾಯಿತು: ನಾವು ಗೋಳದ ಹೊರಗಿಲ್ಲ, ಒಳಗಿದ್ದೇವೆ, ಸೂರ್ಯ ಚಂದ್ರ ನಕ್ಷತ್ರಗಳೆಲ್ಲ ಈ ಮೊಟ್ಟೆಯೊಳಗಿನವೇ. ಕೊರೇಶ್ ಎಂದು ಹೆಸರಿಟ್ಟುಕೊಂಡು ಫ್ಲಾರಿಡದ ಎಸ್ಟೆರೊದಲ್ಲಿ ಶಿಷ್ಯರ ಊರನ್ನೇ ಕಟ್ಟಿದ. ೧೮೯೭ರಲ್ಲಿ ಅವರು ಕಡಲ ದಂಡೆಯಲ್ಲಿ ಮರದ ಚೌಕಟ್ಟುಗಳನ್ನು ಒಂದರ ಮುಂದೊಂದು ಜೋಡಿಸುತ್ತ ನಾಲ್ಕು ಮೈಲಿ ದೂರ ನೇರ ಗೆರೆ ಎಳೆದು, ನೀರಿನ ಮೈ ಮೇಲಕ್ಕೆ ಬಾಗಿರುವುದನ್ನು ಕಂಡೆವೆಂದು ಘೋಷಿಸಿದರು. ಶ್ರಮಕ್ಕೆ ಕೊರತೆಯಿರಲಿಲ್ಲ, ಕಾಣಬೇಕಾದುದನ್ನು ಮೊದಲೇ ನಿಶ್ಚಯಿಸಿಕೊಂಡು ಹೊರಟವರ ಶ್ರಮ ಅದು. ೧೯೦೮ರ ಡಿಸೆಂಬರಿನಲ್ಲಿ ಟೀಡ್ ಸತ್ತಾಗ ಮತ್ತೆ ಎದ್ದು ಬರುವನೆಂದು ಶಿಷ್ಯರು ಶವವನ್ನು ಕಾದು ಕುಳಿತರು. ಆರೋಗ್ಯಾಧಿಕಾರಿಗಳು ಬಂದು ಹೂಳಿಸಬೇಕಾಯಿತು.

ಇರಲಿ, ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಅಗೆದು ನೋಡಿದವರಿಲ್ಲ. ೨೦೦೧ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿ ಜಗತ್ತಿನ ಆಳವಾದ ಗಣಿಗಳಲ್ಲೊಂದು. ಅದು ಇಳಿದದ್ದು ೩ ಕಿಲೋಮೀಟರಿಗೆ ತುಸು ಹೆಚ್ಚು. ರಷ್ಯದ ಕೋಲಾ ಎಂಬಲ್ಲಿ ಕೊರೆದ ಕೊಳವೆಯ ರಂಧ್ರ ೧೯೮೯ರಲ್ಲಿ ೧೨,೨೬೨ ಮೀಟರ್ ಮುಟ್ಟಿತು. ಅಲ್ಲಿಯ ಶಾಖ ೧೮೦ ಡಿಗ್ರಿ. ಭೂಮಿಯ ಕೇಂದ್ರಕ್ಕೆ ದೂರ ೬,೩೭೧ ಕಿಲೋಮೀಟರ್. ಹಣ್ಣಿನ ಸಿಪ್ಪೆಯನ್ನೂ ನಾವು ದಾಟಿಲ್ಲ.

ಆದರೆ ತೆಂಗಿನಕಾಯಿ ಕೊಳ್ಳುವವನು ಅದನ್ನು ಒಡೆದು ನೋಡುವುದಿಲ್ಲ. ಮೊದಲು ಕೈಯಲ್ಲಿ ತೂಗುತ್ತಾನೆ, ಆಮೇಲೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾನೆ. ಭೂಮಿಗೂ ಮಾಡಿದ್ದು ಇವೆರಡೇ.

ತೂಗಿದ ಕಥೆ ಹೀಗೆ. ೧೭೭೪ರಲ್ಲಿ ಮಸ್ಕಲೀನ್ ಎಂಬ ಖಗೋಳಜ್ಞ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಎರಡು ಮಗ್ಗುಲಲ್ಲಿ ತೂಗುಗುಂಡು ಇಳಿಬಿಟ್ಟು, ಬೆಟ್ಟ ಅದನ್ನು ತನ್ನ ಕಡೆಗೆ ಎಷ್ಟು ಸೆಳೆಯುತ್ತದೆಂದು ಅಳೆದ. ಬೆಟ್ಟದ ತೂಕ ಅಂದಾಜಿಗೆ ಸಿಗುತ್ತದೆ; ಅದರ ಸೆಳೆತವನ್ನು ಭೂಮಿಯ ಸೆಳೆತದೊಡನೆ ಹೋಲಿಸಿದರೆ ಭೂಮಿಯ ತೂಕ ಸಿಕ್ಕಿತು. ಲೆಕ್ಕ ಮಾಡಿದ ಹಟನ್ನನಿಗೆ ಬಂದ ಉತ್ತರ, ಭೂಮಿ ಅಷ್ಟೇ ಗಾತ್ರದ ನೀರಿನ ನಾಲ್ಕೂವರೆಪಟ್ಟು ತೂಕ ಎಂದು. ೧೭೯೮ರಲ್ಲಿ ಹೆನ್ರಿ ಕ್ಯಾವೆಂಡಿಶ್ ತನ್ನ ಮನೆಯಲ್ಲಿಯೇ ಎರಡು ಭಾರಿ ಸೀಸದ ಗುಂಡುಗಳು ಎರಡು ಸಣ್ಣ ಗುಂಡುಗಳನ್ನು ಸೆಳೆಯುವ ಅತ್ಯಲ್ಪ ಬಲವನ್ನು ತಂತಿಯ ತಿರುಚಿನಿಂದ ಅಳೆದ. ತನ್ನ ಮೈಯ ಬಿಸಿಯಿಂದ ಗಾಳಿ ಅಲುಗೀತೆಂದು ಕೋಣೆಯ ಹೊರಗೆ ನಿಂತು ದೂರದರ್ಶಕದಿಂದ ನೋಡುತ್ತಿದ್ದ. ಅವನಿಗೆ ಸುಮಾರು ಐದೂವರೆಪಟ್ಟು ಬಂತು. ಇಂದಿನ ಅಂಕಿ ೫.೫೧. ನಮ್ಮ ಕಾಲಡಿಯ ಬಂಡೆಯಾದರೋ ನೀರಿನ ಎರಡೂಮುಕ್ಕಾಲುಪಟ್ಟು ಮಾತ್ರ. ಸಿಪ್ಪೆ ಇಷ್ಟು ಹಗುರವಾಗಿದ್ದು ಕಾಯಿ ಅಷ್ಟು ಭಾರವಾಗಿದ್ದರೆ ತಿರುಳು ಸಿಪ್ಪೆಗಿಂತ ಬಹಳ ಭಾರವಾಗಿರಲೇಬೇಕು. ಸಿಮ್ಸ್ ಕರಪತ್ರ ಹಂಚುವ ೨೦ ವರ್ಷ ಮೊದಲೇ ವ್ಯಾಜ್ಯ ತೀರಿತ್ತು.

ತಟ್ಟಿ ನೋಡಿದ ಕಥೆ ಭಾರತಕ್ಕೆ ಸಂಬಂಧಿಸಿದ್ದು. ೧೮೯೭ರ ಜೂನ್ ೧೨ರಂದು ಅಸ್ಸಾಮಿನಲ್ಲಿ ಘೋರವಾದ ಭೂಕಂಪವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡಮ್ ಹಾನಿಯ ವಿವರಗಳ ಜೊತೆಗೆ ದೂರದ ಯೂರೋಪಿನ ಕಂಪನಮಾಪಕಗಳ ದಾಖಲೆಗಳನ್ನೂ ಕೂಡಿಸಿ ಓದಿದ. ಒಂದೇ ನಡುಕ ಮೂರು ಬಗೆಯ ಅಲೆಗಳಾಗಿ ಬಂದಿತ್ತು. ಮೊದಲಿನ ಎರಡು ಭೂಮಿಯ ಒಡಲನ್ನೇ ಹಾಯ್ದು ಬಂದವು. ಪೊಳ್ಳಾಗಿದ್ದರೆ ಹಾಯುವುದಕ್ಕೆ ಒಳಗೆ ಏನಿದೆ? ಅಲೆಗಳೆಲ್ಲ ಚಿಪ್ಪಿನ ಸುತ್ತಲೇ ಬಳಸಿ ಬರಬೇಕಿತ್ತು. ಈಗ ತಿಳಿದಿರುವಂತೆ ಭೂಮಿಯ ಈ ಮೈಯಲ್ಲಿ ಹುಟ್ಟಿದ ಅಲೆ ಕೇಂದ್ರವನ್ನು ದಾಟಿ ನೇರ ಆ ಮೈಗೆ ಸುಮಾರು ೨೦ ನಿಮಿಷದಲ್ಲಿ ತಲುಪುತ್ತದೆ. ನಮ್ಮ ಗೌರಿಬಿದನೂರಿನಲ್ಲಿ ೧೯೬೫ರಲ್ಲಿ ನೆಟ್ಟ ಕಂಪನಮಾಪಕಗಳ ಸಾಲು ಇಂಥ ದೂರದ ಅಲೆಗಳನ್ನು ಕೇಳುವುದಕ್ಕಾಗಿಯೇ ಆದದ್ದು. ೧೯೦೬ರಲ್ಲಿ ಓಲ್ಡಮ್ ಭೂಮಿಗೊಂದು ಬೇರೆಯಾದ ಗರ್ಭವಿದೆಯೆಂದು ತೋರಿಸಿದ. ಅದು ಸುಮಾರು ೨,೯೦೦ ಕಿಲೋಮೀಟರ್ ಆಳದಲ್ಲಿ ಆರಂಭವಾಗುತ್ತದೆಂದು ಗುಟೆನ್‌ಬರ್ಗ್ ಲೆಕ್ಕ ಹಾಕಿದ. ಅಡ್ಡಕ್ಕೆ ಕುಲುಕುವ ಅಲೆಗಳು ಅದನ್ನು ದಾಟಲಾರದುದರಿಂದ ಅದು ದ್ರವವೆಂದು ತಿಳಿಯಿತು: ಕರಗಿದ ಕಬ್ಬಿಣ. ೧೯೩೬ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬಾಕೆ ಅಲೆಗಳ ಸೂಕ್ಷ್ಮವಾದ ಒಂದು ವಕ್ರತೆಯಿಂದ ಆ ದ್ರವದ ನಡುವೆ ಇನ್ನೊಂದು ಗೋಳವಿದೆಯೆಂದು ಕಂಡುಹಿಡಿದರು. ೧೦೪ ವರ್ಷ ಬಾಳಿದ ಆ ಮಹಿಳೆ ತಾವು ಕಂಡ ಗೋಳ ಘನವೆಂದು ಸ್ಥಿರಪಟ್ಟದ್ದನ್ನೂ ನೋಡಿದರು.

ಇಲ್ಲಿಗೆ ಬಂದಾಗ ನಾನು ಓದುತ್ತಿದ್ದ ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಗೋಳದೊಳಗೊಂದು ಗೋಳ, ನಡುವೆ ಬೇರೊಂದು ಪದಾರ್ಥ! ಹ್ಯಾಲಿಯ ಸೂಜಿಯನ್ನು ಪಶ್ಚಿಮಕ್ಕೆ ಸರಿಸಿದ್ದು ಆ ಕರಗಿದ ಕಬ್ಬಿಣದ ಹರಿದಾಟವೇ. ಒಳಗಿನ ಘನಗೋಳ ಹೊರಗಿನ ಭೂಮಿಯಿಂದ ತುಸು ಬೇರೆಯಾದ ವೇಗದಲ್ಲಿ ತಿರುಗುತ್ತದೆಂದು ೧೯೯೬ರಲ್ಲಿ ಇಬ್ಬರು ವಿಜ್ಞಾನಿಗಳು ಸೂಚಿಸಿದರು. ಅದು ಎಷ್ಟು, ಮುಂದೋ ಹಿಂದೋ ಎಂಬ ಚರ್ಚೆ ಇನ್ನೂ ನಡೆದಿದೆ. ೧೭೩೬ರಲ್ಲಿ, ತನ್ನ ೮೦ನೆಯ ವಯಸ್ಸಿನಲ್ಲಿ, ಹ್ಯಾಲಿ ಚಿತ್ರಕಾರನೆದುರು ಕುಳಿತಾಗ ಕೈಯಲ್ಲಿ ಹಿಡಿದದ್ದು ಧೂಮಕೇತುವಿನ ನಕ್ಷೆಯನ್ನಲ್ಲ, ಒಂದರೊಳಗೊಂದು ವೃತ್ತಗಳನ್ನು ಬರೆದ ಒಂದು ಹಾಳೆಯನ್ನು. ಟೊಳ್ಳಿನ ಜಾಗದಲ್ಲಿ ಕಬ್ಬಿಣವನ್ನು ತುಂಬಿದರೆ ಆ ಹಾಳೆ ಇಂದಿನ ಪಠ್ಯಪುಸ್ತಕದ ಚಿತ್ರಕ್ಕೆ ಬಹಳ ದೂರವಿಲ್ಲ.

ಇನ್ನು ಆ ಛಾಯಾಚಿತ್ರ. ಅದನ್ನು ತೆಗೆದದ್ದು ಅಮೆರಿಕದ ಹವಾಮಾನ ಉಪಗ್ರಹ ಎಸ್ಸಾ-೭, ೧೯೬೮ರ ನವೆಂಬರ್ ೨೩ರಂದು. ಅದು ಒಂದೇ ಚಿತ್ರವಲ್ಲ. ಉಪಗ್ರಹ ಇಡೀ ದಿನ ಸುತ್ತುತ್ತ, ಬಿಸಿಲು ಬಿದ್ದ ಕಡೆಗಳನ್ನು ತುಂಡು ತುಂಡಾಗಿ ಹಿಡಿದದ್ದನ್ನು ಆಮೇಲೆ ಹೊಲಿಗೆ ಹಾಕಿದಂತೆ ಕೂಡಿಸಿದ್ದು. ನವೆಂಬರಿನಲ್ಲಿ ಉತ್ತರಧ್ರುವದ ಮೇಲೆ ಸೂರ್ಯ ಹುಟ್ಟುವುದೇ ಇಲ್ಲ. ಬೆಳಕಿಲ್ಲದ ಜಾಗದ ಚಿತ್ರ ಬರಲಿಲ್ಲ; ಕರಿಯ ದುಂಡು ಉಳಿಯಿತು. ಅದು ತೂತಲ್ಲ, ಆರು ತಿಂಗಳ ರಾತ್ರಿ.

ಇಷ್ಟನ್ನೂ ಆ ಹುಡುಗನಿಗೆ ಹೇಳಬೇಕೆಂದಿದ್ದೆ. ನಾನು ತಿಳಿದುಕೊಳ್ಳುವ ಹೊತ್ತಿಗೆ ಅವನು ಕಾಲೇಜು ಬಿಟ್ಟಿದ್ದ. ಆ ದಿನ ಮೇಜಿನ ಮೇಲೆ ಬಿಟ್ಟುಹೋದ ಅವನ ಪುಸ್ತಕ ನನ್ನ ಕಪಾಟಿನಲ್ಲಿದೆ. ಕೇಳಲು ಅವನು ಮತ್ತೆ ಬರಲಿಲ್ಲ.